ಕ್ಯಾಮೆರಾ ಎಂಬ ಸುಲಭದ ಮಾತು

2005ರಲ್ಲಿ ಲಂಡನ್ನಿನ ಚಿತ್ರಕಾರ ಸ್ಟೀಫನ್ ವಿಲ್ಟ್‌ಶೈರ್ ಟೋಕಿಯೋ ನಗರದ ಮೇಲೆ ಹೆಲಿಕಾಪ್ಟರಿನಲ್ಲಿ ಸ್ವಲ್ಪ ಹೊತ್ತು ಸುತ್ತಿ ಬಂದು, ಕೆಳಗಿಳಿದ ಮೇಲೆ 10 ಮೀಟರ್ ಉದ್ದದ ಕ್ಯಾನ್ವಾಸಿನ ಮೇಲೆ ಆ ನಗರವನ್ನು ಬರಿಯ ನೆನಪಿನಿಂದ ಒಂದು ವಾರದಲ್ಲಿ ಬಿಡಿಸಿ ಮುಗಿಸಿದರು. ಅವರು ಇಂತಹ ಚಿತ್ರಗಳನ್ನು ಬಿಡಿಸುತ್ತಿರುವ ವಿಡಿಯೋ ತುಣುಕುಗಳು ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಇಂದಿಗೂ ಆಗಾಗ ಸುತ್ತು ಹಾಕುತ್ತಿರುತ್ತವೆ. ಕಂಡವರೊಬ್ಬರು 'ಮನುಷ್ಯ ಕ್ಯಾಮೆರಾ' ಎನ್ನುತ್ತಾರೆ; ಮತ್ತೊಬ್ಬರು 'ದೇವರು ಒಂದನ್ನು ಕಸಿದುಕೊಂಡರೆ ಇನ್ನೊಂದನ್ನು ಕೊಡುತ್ತಾನೆ' ಎಂದು ಸೇರಿಸುತ್ತಾರೆ. ಉಡುಪಿಯ ಪ್ರೌಢಶಾಲೆಯೊಂದರಲ್ಲಿ ಬಹುಕಾಲ ಡ್ರಾಯಿಂಗ್ ಮಾಸ್ಟ್ರಾಗಿದ್ದು ನಿವೃತ್ತನಾದ ನನಗೆ ಈ ಎರಡೂ ಮಾತುಗಳ ಮೇಲೆ ತಕರಾರು ಉಂಟು. ಎರಡನ್ನೂ ಮೆಚ್ಚುಗೆಯಿಂದಲೇ ಆಡುತ್ತಾರೆ, ನಿಜ. ಆದರೆ ಎರಡೂ ಚಿತ್ರ ಬಿಡಿಸಿದ ಮನುಷ್ಯನನ್ನು ಆ ಚಿತ್ರದಿಂದ ಹೊರಗೆ ಕಳುಹಿಸುತ್ತವೆ.

ವಿಲ್ಟ್‌ಶೈರ್ ಹುಟ್ಟಿದ್ದು 1974ರಲ್ಲಿ. ಮೂರನೆಯ ವಯಸ್ಸಿನಲ್ಲಿ ಅವರಿಗೆ ಆಟಿಸಂ ಇರುವುದು ಗೊತ್ತಾಯಿತು. ಆಗ ಅವರಿಗೆ ಮಾತೇ ಇರಲಿಲ್ಲ. 1987ರಲ್ಲಿ ಬಿಬಿಸಿ ಕಾರ್ಯಕ್ರಮವೊಂದರಲ್ಲಿ ಕಾಣಿಸಿಕೊಂಡಾಗ ಪ್ರಸಿದ್ಧ ವಾಸ್ತುಶಿಲ್ಪಿ ಹ್ಯೂ ಕ್ಯಾಸನ್ ಈ ಹುಡುಗ ಬ್ರಿಟನ್ನಿನ ಬಾಲ ಚಿತ್ರಕಾರರಲ್ಲೇ ಶ್ರೇಷ್ಠನಿರಬಹುದು ಎಂಬರ್ಥದ ಮಾತನಾಡಿದರು. ಅಲ್ಲಿಂದ ಅವರ ಹೆಸರು ಹರಡಿತು. ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ. ಅವರು ಮುಂದೆ ಲಂಡನ್ನಿನ ಸಿಟಿ ಆ್ಯಂಡ್ ಗಿಲ್ಡ್ಸ್ ಕಲಾಶಾಲೆಗೆ ಸೇರಿ ಕ್ರಮವಾಗಿ ಚಿತ್ರಕಲೆ ಕಲಿತರು ಎಂಬ ಭಾಗವನ್ನು ಮಾತ್ರ ಯಾರೂ ಹೇಳುವುದಿಲ್ಲ. ಕ್ಯಾಮೆರಾ ಕಲಾಶಾಲೆಗೆ ಹೋಗುವುದಿಲ್ಲ. ಅವರೊಂದಿಗೆ ಸಾಕಷ್ಟು ಕಾಲ ಕಳೆದ ನರವಿಜ್ಞಾನಿ ಆಲಿವರ್ ಸ್ಯಾಕ್ಸ್ ತಮ್ಮ ಸ್ವಂತ ಮನೆಯನ್ನೇ ಅವರಿಂದ ನೆನಪಿನಿಂದ ಬರೆಸಿ ನೋಡಿದ್ದರು. ಚಿತ್ರದಲ್ಲಿ ಮನೆ ಥಟ್ಟನೆ ಗುರುತು ಸಿಗುವಂತಿದ್ದರೂ ಅಲ್ಲಿ ಸೇರಿಸಿದ್ದೂ ಬಿಟ್ಟದ್ದೂ ಬದಲಿಸಿದ್ದೂ ಇದ್ದವು. ಮತ್ತೆ ಬರೆಸಿದಾಗ ಆ ಬದಲಾವಣೆಗಳು ಬೇರೆಯಾಗಿದ್ದವು. ವಿಡಿಯೋವನ್ನೇ ಸಾವಧಾನವಾಗಿ ನೋಡಿದರೂ ಸಾಕು, ಆ ಪೆನ್ನು ಸ್ಕೇಲು ಹಿಡಿದಂತೆ ಓಡುವುದಿಲ್ಲ, ಒಂದು ಕಡೆ ಗೆರೆ ದಟ್ಟವಾಗುತ್ತದೆ, ಇನ್ನೊಂದು ಕಡೆ ನಾಲ್ಕು ಗೀಟುಗಳಲ್ಲಿ ಇಡೀ ಬೀದಿ ಮುಗಿದುಹೋಗುತ್ತದೆ. ಎಲ್ಲಿ ನಿಲ್ಲಬೇಕು, ಎಲ್ಲಿ ದಾಟಿ ಹೋಗಬೇಕು ಎಂದು ಆರಿಸಿಕೊಳ್ಳುವ ಕೈ ಅದು.

ಬೆಳವಣಿಗೆಯಲ್ಲಿ ತೊಡಕುಗಳಿದ್ದೂ ಯಾವುದೋ ಒಂದು ವಿಷಯದಲ್ಲಿ ಅಸಾಧಾರಣ ಸಾಮರ್ಥ್ಯ ತೋರುವವರನ್ನು ವೈದ್ಯರು ಸಾವಂಟ್ ಎನ್ನುತ್ತಾರೆ. ಬ್ರಿಟಿಷ್ ವೈದ್ಯ ಲ್ಯಾಂಗ್‌ಡನ್ ಡೌನ್ 1887ರಲ್ಲಿ ಇಂತಹವರನ್ನು ಮೊದಲು ಒಂದು ಗುಂಪಾಗಿ ವಿವರಿಸಿದರು. 1978ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ ಆಟಿಸಂ ಇರುವ 5,400 ಮಕ್ಕಳ ಪೋಷಕರಿಂದ ಮಾಹಿತಿ ತರಿಸಿಕೊಂಡಾಗ ಅವರಲ್ಲಿ ಶೇಕಡಾ 10ರಷ್ಟು ಮಕ್ಕಳಿಗೆ ಇಂತಹ ಯಾವುದಾದರೂ ಸಾಮರ್ಥ್ಯವಿತ್ತು. 'ಹತ್ತರಲ್ಲಿ ಒಬ್ಬರು' ಎಂಬ ಲೆಕ್ಕ ಬಂದದ್ದು ಅಲ್ಲಿಂದ. ಈ ಲೆಕ್ಕವನ್ನು ತಪ್ಪಾಗಿ ಓದಿಕೊಳ್ಳುವುದು ಬಹಳ ಸುಲಭ. ಅದರಲ್ಲಿ ಬಸ್ಸಿನ ನಂಬರುಗಳನ್ನೆಲ್ಲ ಬಾಯಿಪಾಠ ಹೇಳುವ ಮಗುವೂ ಸೇರುತ್ತದೆ, ತಾರೀಖು ಹೇಳಿದರೆ ವಾರ ಹೇಳುವ ಮಗುವೂ ಸೇರುತ್ತದೆ. ಆಟಿಸಂ ಇರಲಿ ಇಲ್ಲದಿರಲಿ, ಯಾರು ಕಂಡರೂ ಬೆರಗಾಗುವ ಮಟ್ಟದ ಪ್ರತಿಭೆಯ ಸಾವಂಟರು ಇಡೀ ಜಗತ್ತಿನಲ್ಲಿ ನೂರಕ್ಕಿಂತ ಕಡಿಮೆ ಇದ್ದಾರು ಎಂದು ಈ ವಿಷಯವನ್ನೇ ಜೀವಮಾನವಿಡೀ ಅಧ್ಯಯನ ಮಾಡಿದ ಡಾರಲ್ಡ್ ಟ್ರೆಫರ್ಟ್ ಅಂದಾಜಿಸಿದ್ದರು. ಅಂದರೆ ಆಟಿಸಂ ಇರುವ ಹೆಚ್ಚಿನ ಮಕ್ಕಳಿಗೆ ಇಂತಹ ಯಾವ ವರವೂ ಇರುವುದಿಲ್ಲ. ಮಗುವಿಗೆ ಆಟಿಸಂ ಎಂದು ತಿಳಿದ ಮರುದಿನವೇ 'ಇವನಲ್ಲಿ ಎಂತದೋ ಒಂದು ದೊಡ್ಡ ಪ್ರತಿಭೆ ಉಂಟು, ಹುಡುಕಿ' ಎಂದು ತಂದೆತಾಯಿಗೆ ಸಮಾಧಾನ ಹೇಳುವ ನೆಂಟರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅದು ಆ ಮನೆಯವರ ತಲೆಯ ಮೇಲೆ ಇನ್ನೊಂದು ಹೊರೆ.

ನಮ್ಮ ಬೀದಿಯಲ್ಲಿ ಚಿತ್ರ ಬಿಡಿಸುವ ಹುಡುಗನೊಬ್ಬನಿದ್ದಾನೆ. ಅವನು ವಿಲ್ಟ್‌ಶೈರ್ ಅಲ್ಲ. ಆ ನೂರು ಜನರ ಪಟ್ಟಿಯಲ್ಲಿ ಅವನ ಹೆಸರು ಬರಲಾರದು. ಆದರೆ ನಾನು ಪಾಠ ಹೇಳಿದ ಮಕ್ಕಳಲ್ಲಿ ಅವನಂತೆ ಬಸ್ಸು ಬಿಡಿಸಿದವರು ಯಾರೂ ಇಲ್ಲ. ಅವನಿಗೆ ಆಟಿಸಂ ಇದೆ, ಮಾತು ಅಲ್ಪ, ಶಬ್ದ ಜೋರಾದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಆದರೂ ನಮ್ಮ ಕರಾವಳಿಯ ಖಾಸಗಿ ಬಸ್ಸುಗಳ ಹಾರ್ನಿನ ಗಲಾಟೆಯ ನಡುವೆ ಸರ್ವಿಸ್ ಬಸ್ ನಿಲ್ದಾಣದಲ್ಲಿ ಕಿವಿ ಮುಚ್ಚಿಕೊಂಡೇ ಗಂಟೆಗಟ್ಟಲೆ ನಿಲ್ಲಬಲ್ಲ. ಒಮ್ಮೆ ಅವನನ್ನು ಮಂಗಳೂರಿಗೆ ಕರೆದುಕೊಂಡು ಹೋಗಿ, ಇಟಲಿಯಿಂದ ಬಂದ ಅಂತೋನಿಯೋ ಮೊಸ್ಕೇನಿ ನೂರಿಪ್ಪತ್ತು ವರ್ಷಗಳ ಹಿಂದೆ ಗೋಡೆ ಛಾವಣಿಗಳ ತುಂಬ ಚಿತ್ರ ಬರೆದ ಸಂತ ಅಲೋಶಿಯಸ್ ಚಾಪೆಲನ್ನು ತೋರಿಸಿದೆವು. ಅವನು ಸುಮ್ಮನೆ ನೋಡಿದ. ಮನೆಗೆ ಬಂದು ಅವನು ಬರೆದದ್ದು ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣವನ್ನು. ಮೊಸ್ಕೇನಿಯವರ ಬಗ್ಗೆ ನನಗೆ ಸ್ವಲ್ಪ ಬೇಸರವೆನಿಸಿದ್ದು ಸುಳ್ಳಲ್ಲ, ಆದರೆ ಆ ಬಸ್ ನಿಲ್ದಾಣದ ಚಿತ್ರವನ್ನು ನೋಡುತ್ತ ನೋಡುತ್ತ ಆ ಬೇಸರ ಉಳಿಯಲಿಲ್ಲ. ಕಿಟಕಿಗಳ ಅಡ್ಡ ಸರಳುಗಳು, ಮಳೆಗಾಲಕ್ಕೆಂದು ಸುತ್ತಿ ಕಟ್ಟಿದ ಟರ್ಪಾಲು, ಎದುರಿನ ಗಾಜಿನ ಮೇಲೆ ಬಿಲ್ಲಿನಾಕಾರದಲ್ಲಿ ಬರೆದ ದೇವರ ಹೆಸರು, ಹಿಂದಿನ ಏಣಿಯ ಬಾಗಿದ ಒಂದು ಮೆಟ್ಟಿಲು, ಎಲ್ಲವೂ ಅಲ್ಲಿದ್ದವು. ಆ ಏಣಿಯ ಮೆಟ್ಟಿಲು ನಿಜವಾಗಿಯೂ ಬಾಗಿತ್ತೇ ಎಂದು ಪರೀಕ್ಷಿಸಲು ನಾನು ಹೋಗಲಿಲ್ಲ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅವನು ಚಿತ್ರ ಆರಂಭಿಸುವ ರೀತಿ. ನಾವು ಡ್ರಾಯಿಂಗ್ ಮಾಸ್ಟ್ರುಗಳು ಕಲಿಸುವುದು ಮೊದಲು ದೊಡ್ಡ ಆಕಾರ, ಆಮೇಲೆ ಅದರ ಭಾಗಗಳು, ಕೊನೆಗೆ ಸಣ್ಣ ವಿವರ ಎಂಬ ಕ್ರಮವನ್ನು. ಹಾಗೆ ಮಾಡದಿದ್ದರೆ ಬಸ್ಸಿನ ಹಿಂಭಾಗ ಕಾಗದದ ಹೊರಗೆ ಹೋಗುತ್ತದೆ. ಈ ಹುಡುಗ ವೈಪರಿನಿಂದ ಆರಂಭಿಸುತ್ತಾನೆ, ಅಥವಾ ಚಕ್ರದ ಒಂದು ಬೋಲ್ಟಿನಿಂದ. ಅಲ್ಲಿಂದ ಪಕ್ಕಕ್ಕೆ, ಅದರ ಪಕ್ಕಕ್ಕೆ, ಹೀಗೆ ಅಂಟಿಕೊಂಡು ಬೆಳೆಯುತ್ತ ಹೋಗುವ ಚಿತ್ರ ಕೊನೆಯಲ್ಲಿ ಕಾಗದದೊಳಗೆ ಸರಿಯಾಗಿ ಕೂರುತ್ತದೆ. ಕೆನಡಾದ ಲೊರಾಂ ಮೊಟ್ರಾಂ ಮತ್ತು ಸಿಲ್ವಿ ಬೆಲ್ವಿಲ್ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥದೇ ಒಬ್ಬ ಚಿತ್ರಕಾರನ ವಿವರವಿದೆ. ಆಟಿಸಂ ಇದ್ದ ಆ ವ್ಯಕ್ತಿ ಹೊರರೇಖೆಗೆ ಯಾವ ಪ್ರಾಶಸ್ತ್ಯವನ್ನೂ ಕೊಡದೆ ಒಂದು ಭಾಗದಿಂದ ಪಕ್ಕದ ಭಾಗಕ್ಕೆ ಸಾಗುತ್ತಿದ್ದನು. ಕಾಗದದ ಮೇಲೆ ಮಾತ್ರ ಸಾಧ್ಯವಾಗುವ, ಕಟ್ಟಲಾಗದಂತಹ ಅಸಾಧ್ಯ ಆಕೃತಿಗಳನ್ನು ನಕಲು ಮಾಡಲು ಕೊಟ್ಟಾಗ ಉಳಿದವರೆಲ್ಲ ತಡವರಿಸಿದಷ್ಟು ಆಟಿಸಂ ಇರುವವರು ತಡವರಿಸುವುದಿಲ್ಲ ಎಂದು ಮೊಟ್ರಾಂ ತಂಡ ಮುಂದೆ ತೋರಿಸಿತು. ಇಡೀ ಆಕೃತಿ ಅರ್ಥವಾಗದಿದ್ದರೂ ಅವರ ಕೈ ನಿಲ್ಲುವುದಿಲ್ಲ, ಏಕೆಂದರೆ ಅವರು ಅರ್ಥವನ್ನು ನಕಲು ಮಾಡುತ್ತಿಲ್ಲ.

ಇದಕ್ಕಿಂತ ಹತ್ತು ವರ್ಷ ಮುಂಚೆ, 1983ರಲ್ಲಿ, ಲಂಡನ್ನಿನಲ್ಲಿ ಅಮಿತಾ ಶಾ ಮತ್ತು ಉಟಾ ಫ್ರಿತ್ ದೊಡ್ಡ ಚಿತ್ರವೊಂದರೊಳಗೆ ಅಡಗಿರುವ ಸಣ್ಣ ಆಕಾರವನ್ನು ಹುಡುಕುವ ಪರೀಕ್ಷೆಯನ್ನು ಆಟಿಸಂ ಇರುವ ಮಕ್ಕಳಿಗೆ ಕೊಟ್ಟು, ಅವರು ಅದರಲ್ಲಿ ತಮ್ಮ ಮಾನಸಿಕ ವಯಸ್ಸಿಗೆ ಮೀರಿದ ಚುರುಕು ತೋರುವುದನ್ನು ದಾಖಲಿಸಿದ್ದರು. ಬಿಡಿ ಸಂಗತಿಗಳನ್ನು ಒಟ್ಟುಗೂಡಿಸಿ ಒಂದೇ ಅರ್ಥವಾಗಿಸುವ ಮನಸ್ಸಿನ ಸೆಳೆತ ಇವರಲ್ಲಿ ದುರ್ಬಲ ಎಂಬುದು ಫ್ರಿತ್ ಅವರು ಮುಂದೆ ಕೊಟ್ಟ ವಿವರಣೆ. ಮೊಟ್ರಾಂ ಅದನ್ನು ತಿರುಗಿಸಿ, ದುರ್ಬಲವಾದದ್ದು ಯಾವುದೂ ಇಲ್ಲ, ಬಿಡಿಯನ್ನು ಗ್ರಹಿಸುವ ಶಕ್ತಿಯೇ ಇವರಲ್ಲಿ ಹೆಚ್ಚು ಎಂದರು. ವಿಜ್ಞಾನಿಗಳ ವಾದವನ್ನು ತೀರ್ಮಾನಿಸುವ ಅಧಿಕಾರ ನನಗಿಲ್ಲವಾದರೂ, ಸೀಮೆಸುಣ್ಣ ಹಿಡಿದ ಅನುಭವದ ಮೇಲೆ ನಾನು ಮೊಟ್ರಾಂ ಪಕ್ಷ. ತರಗತಿಯಲ್ಲಿ ಮಕ್ಕಳಿಗೆ 'ನಿಸರ್ಗದ ಚಿತ್ರ ಬರೆಯಿರಿ' ಎಂದು ಹೇಳಿದರೆ ಮೂರು ಪಾಲು ಮಕ್ಕಳು ಎರಡು ತ್ರಿಕೋನ ಗುಡ್ಡ, ನಡುವೆ ಹುಟ್ಟುವ ಸೂರ್ಯ, ಅಲ್ಲಿಂದ ಇಳಿದು ಬರುವ ಹೊಳೆ, ಪಕ್ಕದಲ್ಲೊಂದು ಗುಡಿಸಲು ಬರೆಯುತ್ತಿದ್ದರು. ಅವರಲ್ಲಿ ಮಲ್ಪೆಯ ಮೀನುಗಾರರ ಮನೆಯ ಮಕ್ಕಳೂ ಇದ್ದರು. ಹುಟ್ಟಿದಂದಿನಿಂದ ಸೂರ್ಯ ಸಮುದ್ರಕ್ಕಿಳಿಯುವುದನ್ನು ಕಂಡ ಮಗುವಿನ ಕಾಗದದ ಮೇಲೂ ಅವನು ತ್ರಿಕೋನಗಳ ನಡುವೆಯೇ ಹುಟ್ಟುತ್ತಿದ್ದ. 'ಸೂರ್ಯ' ಎಂಬ ವಿಚಾರ ಸಿಕ್ಕಿದ ಕೂಡಲೇ ಕಣ್ಣಿನ ಕೆಲಸ ಮುಗಿಯುತ್ತದೆ. ಚಿತ್ರಕಲೆಯ ಪಾಠವೆಂದರೆ ಬಹುಮಟ್ಟಿಗೆ, ಮುಗಿಯಿತು ಎಂದು ಕುಳಿತ ಆ ಕಣ್ಣನ್ನು ಮತ್ತೆ ಎಬ್ಬಿಸುವ ಪ್ರಯತ್ನ. ಈ ಹುಡುಗನ ಕಣ್ಣು ಕುಳಿತುಕೊಂಡಿಲ್ಲ. ನಾನು ವರ್ಷಗಟ್ಟಲೆ ಗಂಟಲು ಒಣಗಿಸಿಕೊಂಡು ಕಲಿಸಲು ಹೆಣಗಿದ್ದು ಅವನಿಗೆ ಆರಂಭದಲ್ಲೇ ಇತ್ತು.

ಹಾಗೆಂದು ಅವನಿಗೆ ಎಲ್ಲವೂ ಆರಂಭದಲ್ಲೇ ಇತ್ತು ಎಂದರೆ ಅದು ಮತ್ತೆ ಕ್ಯಾಮೆರಾದ ಮಾತೇ ಆಗುತ್ತದೆ. ಅವನ ತಾಯಿ ಹಳೆಯ ಚಿತ್ರಗಳನ್ನೆಲ್ಲ ಅಕ್ಕಿಯ ಗೋಣಿಯಲ್ಲಿ ತುಂಬಿಸಿಟ್ಟಿದ್ದಾರೆ. ಮೊದಲಿನವುಗಳಲ್ಲಿ ಚಕ್ರಗಳು ನೆಲಕ್ಕೆ ತಾಗುವುದಿಲ್ಲ, ಬಸ್ಸಿನ ಎರಡು ಬದಿಗಳು ಒಂದೇ ಸಲ ಕಾಣುತ್ತವೆ. ವಿವರ ಆಗಲೂ ದಟ್ಟವೇ. ಆದರೆ ದೂರದ್ದು ಸಣ್ಣದಾಗುವುದು, ಗೆರೆಗಳು ಒಂದು ಬಿಂದುವಿನತ್ತ ಓಡುವುದು, ಇವನ್ನೆಲ್ಲ ಅವನು ಒಂದೇ ಬಸ್ಸನ್ನು ಮತ್ತೆ ಮತ್ತೆ ಬರೆದು ತಾನಾಗಿಯೇ ಸಾಧಿಸಿಕೊಂಡ ಕ್ರಮ ಆ ಗೋಣಿಯಲ್ಲಿ ಪದರ ಪದರವಾಗಿ ಸಿಗುತ್ತದೆ. ಈಗ ಅವನು ಎದುರಿನಿಂದ ಮಾತ್ರ ನೋಡಿದ ಬಸ್ಸನ್ನು ಮೇಲಿನಿಂದ ಕಂಡಂತೆಯೂ ಬರೆಯುತ್ತಾನೆ. ಫ್ರಾನ್ಸಿನ ಝಿಲ್ ತ್ರೆಹಾಂ, ಅವರಿಗೂ ಆಟಿಸಂ ಇದೆ, ಹನ್ನೆರಡನೆಯ ವಯಸ್ಸಿನಿಂದ 'ಉರ್ವಿಲ್' ಎಂಬ ನಗರವನ್ನು ಬೀದಿ, ಚೌಕ, ರೈಲು ನಿಲ್ದಾಣ, ಇತಿಹಾಸ ಸಮೇತ ಬಿಡಿಸುತ್ತ ಬಂದಿದ್ದಾರೆ. ಆ ನಗರ ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಸ್ಕಾಟ್ಲೆಂಡಿನ ರಿಚರ್ಡ್ ವಾವ್ರೋ ಅವರಿಗೆ ಎಳವೆಯಲ್ಲೇ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ದೃಷ್ಟಿ ತೀರಾ ಮಂದವಾಗಿತ್ತು. ಕಾಗದಕ್ಕೆ ಮುಖ ತಾಗುವಷ್ಟು ಬಗ್ಗಿ, ಮೇಣದ ಬಣ್ಣದ ಕಡ್ಡಿಗಳಿಂದ, ಒಮ್ಮೆ ಕಂಡ ದೃಶ್ಯಗಳಿಗೆ ತಮ್ಮದೇ ಬೆಳಕು ನೆರಳು ಸೇರಿಸಿ ಅವರು ಬರೆದ ಚಿತ್ರಗಳನ್ನು ಯಾವ ಕ್ಯಾಮೆರಾ ತೆಗೆದೀತು?

ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಚರ್ಚೆಗೆ ಒಳಗಾದ ಹೆಸರು ನಾಡಿಯಾ. 1967ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ, ಉಕ್ರೇನಿನಿಂದ ವಲಸೆ ಬಂದ ದಂಪತಿಗೆ ಹುಟ್ಟಿದ ಈ ಹುಡುಗಿ ಮೂರೂವರೆ ವರ್ಷದ ಹೊತ್ತಿಗೆ ಬಾಲ್‌ಪೆನ್ನಿನಿಂದ ಕುದುರೆಗಳನ್ನು ಬಿಡಿಸತೊಡಗಿದಳು. ಆ ವಯಸ್ಸಿನ ಮಕ್ಕಳು ಮನುಷ್ಯನನ್ನು ಒಂದು ಗುಂಡು, ಎರಡು ಕಡ್ಡಿ ಎಂದು ಬರೆಯುವಾಗ ನಾಡಿಯಾಳ ಕುದುರೆಗಳು ಕಾಗದದಿಂದ ನಮ್ಮತ್ತ ಓಡಿ ಬರುತ್ತವೆ, ಕಾಲು ಮಡಚುತ್ತವೆ, ಸವಾರ ಹಿಂದಕ್ಕೆ ವಾಲುತ್ತಾನೆ, ಮುಂದಿರುವ ದೇಹ ಹಿಂದಿರುವುದನ್ನು ಸರಿಯಾಗಿಯೇ ಮರೆಮಾಡುತ್ತದೆ. ಆ ಗೆರೆಗಳ ಮುದ್ರಿತ ಪ್ರತಿಗಳನ್ನು ಮೊದಲ ಬಾರಿ ಕಂಡಾಗ ನನ್ನ ಕಸುಬಿನ ಬಗ್ಗೆಯೇ ನನಗೆ ನಾಚಿಕೆಯಾಗಿತ್ತು. ಮೂಲ ಚಿತ್ರ ಯಾವುದೋ ಮಕ್ಕಳ ಪುಸ್ತಕದ್ದು. ಆದರೆ ಅದನ್ನು ನೋಡಿ ದಿನಗಳು ಕಳೆದ ಮೇಲೆ ಅವಳು ಬರೆಯುವಾಗ ಕುದುರೆ ಇನ್ನೊಂದು ದಿಕ್ಕಿಗೆ ತಿರುಗಿರುತ್ತಿತ್ತು, ಗಾತ್ರ ಬದಲಾಗಿರುತ್ತಿತ್ತು, ಬೇರೆ ಚಿತ್ರದ ತುಣುಕೊಂದು ಬಂದು ಸೇರಿರುತ್ತಿತ್ತು. ಮನಃಶಾಸ್ತ್ರಜ್ಞೆ ಲೋರ್ನಾ ಸೆಲ್ಫ್ ಅವಳನ್ನು ಅಧ್ಯಯನ ಮಾಡಿ 1977ರಲ್ಲಿ ಪುಸ್ತಕ ಪ್ರಕಟಿಸಿದರು. ಆರನೆಯ ವಯಸ್ಸಿನಲ್ಲಿ ಅವಳು ಆಡುತ್ತಿದ್ದ ಪದಗಳು ಬೆರಳೆಣಿಕೆಯಷ್ಟು. ಮುಂದೆ ವಿಶೇಷ ಶಾಲೆಯಲ್ಲಿ ಮಾತು ಸ್ವಲ್ಪ ಸ್ವಲ್ಪ ಬರತೊಡಗಿತು, ಮತ್ತು ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಆ ಕುದುರೆಗಳು ನಿಂತುಹೋದವು. ದೊಡ್ಡವಳಾದ ಮೇಲೆ ಅವಳು ಅಪರೂಪಕ್ಕೆ ಬರೆದ ಚಿತ್ರಗಳು ಸಾಮಾನ್ಯ ಮಗುವಿನ ಚಿತ್ರಗಳಂತಿದ್ದವು. 2015ರಲ್ಲಿ ನಾಡಿಯಾ ತೀರಿಕೊಂಡರು.

ಮಾತು ಬಂತು, ಚಿತ್ರ ಹೋಯಿತು: ಕಥೆ ಇಷ್ಟು ಚೊಕ್ಕವಾಗಿದ್ದರೆ ಅದನ್ನು ದೊಡ್ಡ ಸಿದ್ಧಾಂತಗಳಿಗೆ ಕಟ್ಟದೆ ಬಿಡುತ್ತಾರೆಯೇ? ಇಂಗ್ಲೆಂಡಿನ ಮನಃಶಾಸ್ತ್ರಜ್ಞ ನಿಕೋಲಸ್ ಹಂಫ್ರಿ 1998ರಲ್ಲಿ ನಾಡಿಯಾಳ ಕುದುರೆಗಳನ್ನೂ ಫ್ರಾನ್ಸಿನ ಶೋವೆ ಗುಹೆಯ, ಮೂವತ್ತು ಸಾವಿರ ವರ್ಷ ದಾಟಿದ ಪ್ರಾಣಿಚಿತ್ರಗಳನ್ನೂ ಅಕ್ಕಪಕ್ಕದಲ್ಲಿಟ್ಟು, ಗುಹೆಯ ಚಿತ್ರಕಾರರಿಗೂ ನಮ್ಮಂತಹ ಮಾತು ಬೆಳೆದಿರಲಿಕ್ಕಿಲ್ಲ ಎಂದು ಸೂಚಿಸಿದರು. ಓದಲು ರೋಮಾಂಚನವಾಗುತ್ತದೆ. ಒಬ್ಬಳೇ ಹುಡುಗಿಯ ಕಾಗದಗಳ ಮೇಲೆ ಅಷ್ಟು ಭಾರ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮ ಬೀದಿಯ ಹುಡುಗನ ತಾಯಿಗೆ ಇದು ಸಿದ್ಧಾಂತದ ಪ್ರಶ್ನೆಯಾಗಿರಲಿಲ್ಲ. ಸ್ಪೀಚ್ ಥೆರಪಿಗೆಂದು ವಾರವಾರ ಮಣಿಪಾಲಕ್ಕೆ ಕರೆದುಕೊಂಡು ಹೋಗುತ್ತಿದ್ದ ಅವರಿಗೆ ಯಾರೋ ನಾಡಿಯಾಳ ಕಥೆ ಹೇಳಿದ್ದರು. ಒಂದು ಸಂಜೆ ಬಂದು, "ಮಾಸ್ಟ್ರೆ, ಇವನಿಗೆ ಮಾತು ಬಂದ್ರೆ ಚಿತ್ರ ಹೋಗ್ತದಾ? ಹೋಗುವುದಾದ್ರೆ ನಾನು ಯಾವುದನ್ನು ಹಿಡಿದುಕೊಳ್ಳುವುದು?" ಎಂದು ಕೇಳಿದರು. ಕೇಳುವಾಗಲೇ ಅವರು ಮನಸ್ಸಿನಲ್ಲಿ ಉತ್ತರವನ್ನು ಆರಿಸಿಕೊಂಡಾಗಿತ್ತು. ಮಗ ಹೊಟ್ಟೆನೋವು ಎಂದು ಬಾಯಿಬಿಟ್ಟು ಹೇಳುವುದಾದರೆ ಎಲ್ಲ ಬಸ್ಸುಗಳನ್ನೂ ಕೊಡಲು ಅವರು ಸಿದ್ಧರಿದ್ದರು. ನಾನು ನನಗೆ ಗೊತ್ತಿದ್ದಷ್ಟನ್ನು ಹೇಳಿದೆ. ನಾಡಿಯಾಳ ಚಿತ್ರಕ್ಕೆ ಮಾತೇ ಮುಳುವಾಯಿತು ಎಂದು ಸಾಬೀತಾಗಿಲ್ಲ. ಅದೇ ಕಾಲದಲ್ಲಿ ಅವಳ ತಾಯಿ ತೀರಿಕೊಂಡಿದ್ದರು, ಶಾಲೆ ಬದಲಾಗಿತ್ತು. ವಿಲ್ಟ್‌ಶೈರ್ ಅವರ ಕಥೆಯಂತೂ ಇದಕ್ಕೆ ತೀರಾ ವಿರುದ್ಧ. ಅವರ ಶಾಲೆಯವರು ಕಾಗದ, ಪೆನ್ಸಿಲುಗಳನ್ನು ಸ್ವಲ್ಪ ಹೊತ್ತು ತೆಗೆದಿಟ್ಟು, ಬೇಕಿದ್ದರೆ ಕೇಳಲಿ ಎಂದು ಕಾದರು. ಅವರು ಆಡಿದ ಮೊದಲ ಪದ 'ಪೇಪರ್'. ಚಿತ್ರದ ಆಸೆಯೇ ಅವರ ಬಾಯಿ ತೆರೆಸಿತು, ಮಾತು ಬಂದ ಮೇಲೂ ಚಿತ್ರ ಹೋಗಲಿಲ್ಲ. ಆಟಿಸಂ ಇರುವ ಅಮೆರಿಕದ ಜೆಸಿಕಾ ಪಾರ್ಕ್ ತಡವಾಗಿ ಮಾತು ಕಲಿತು, ಕಾಲೇಜೊಂದರ ಟಪಾಲು ವಿಭಾಗದಲ್ಲಿ ಕೆಲಸಕ್ಕೆ ಸೇರಿ, ಕಟ್ಟಡಗಳನ್ನು ಕಾಮನಬಿಲ್ಲಿನ ಬಣ್ಣಗಳಲ್ಲಿ ಬರೆಯುತ್ತಲೇ ಬಂದರು. ಇಷ್ಟು ಕೇಳಿಸಿಕೊಂಡ ಆ ತಾಯಿ, "ಹಾಗಾದ್ರೆ ಎರಡಕ್ಕೂ ಹೋಗುವ," ಎಂದು ಎದ್ದರು. ಈಗ ಥೆರಪಿಯ ಕೋಣೆಯಲ್ಲಿ ಬಸ್ಸಿನ ಚಿತ್ರಗಳೇ ಪಾಠದ ಚೀಟಿಗಳು. ಅವನು 'ಪಡುಬಿದ್ರಿ', 'ಮುಲ್ಕಿ', 'ಸುರತ್ಕಲ್' ಎಂದು ಕ್ರಮವಾಗಿ ಹೇಳುತ್ತಾನೆ. ಹೊಟ್ಟೆನೋವು ಎಂಬ ಪದ ಇನ್ನೂ ಬಂದಿಲ್ಲ.

ಅಂಗವೈಕಲ್ಯದ ಪ್ರಮಾಣಪತ್ರಕ್ಕೆಂದು ಅವರು ಓಡಾಡುತ್ತಿದ್ದಾಗ ನನ್ನ ಕಣ್ಣಿಗೆ ಬಿದ್ದ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಇರಲಾರೆ. ನಮ್ಮ ದೇಶದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಅದನ್ನು ಅಳೆಯಲು ಭಾರತದಲ್ಲೇ ರೂಪಿಸಿದ 'ಇಸಾ' ಎಂಬ ಮಾಪನದಲ್ಲಿ 40 ಅಂಶಗಳಿವೆ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು ಅಂಕ ಹೆಚ್ಚಿದಷ್ಟೂ ಆಟಿಸಂ ತೀವ್ರ ಎಂದು ಲೆಕ್ಕ. ಆ ನಲವತ್ತರ ಕೊನೆಯ ಎರಡು ಅಂಶಗಳು ಅಸಾಮಾನ್ಯ ನೆನಪು ಮತ್ತು ಸಾವಂಟ್ ಸಾಮರ್ಥ್ಯ. ಕಣ್ಣು ಸೇರಿಸಿ ನೋಡದಿರುವುದಕ್ಕೆ ಅಂಕ ಬೀಳುವ ಅದೇ ಹಾಳೆಯಲ್ಲಿ, ಬಾಗಿದ ಏಣಿಯ ಮೆಟ್ಟಿಲನ್ನು ನೆನಪಿಟ್ಟುಕೊಂಡದ್ದಕ್ಕೂ ಅಂಕ ಬೀಳುತ್ತದೆ. ರೋಗಲಕ್ಷಣಗಳನ್ನು ಗುರುತಿಸುವ ಕೆಲಸಕ್ಕೆ ಇದು ಬೇಕಾಗಬಹುದು, ವೈದ್ಯರೊಂದಿಗೆ ನನಗೆ ಜಗಳವಿಲ್ಲ. ವಾಟ್ಸಾಪಿನಲ್ಲಿ ಪವಾಡವಾಗುವುದು ಹಾಳೆಯಲ್ಲಿ ಲಕ್ಷಣವಾಗುತ್ತದೆ. ಅದು ಚಿತ್ರವೂ ಹೌದು ಎಂದು ಬರೆದುಕೊಳ್ಳಲು ಎರಡೂ ಕಡೆ ಜಾಗವಿಲ್ಲ.

ನೆನಪಿನ ಬಗ್ಗೆ ನಮ್ಮ ಊರಿನವರಿಗೆ ತಿಳಿವಳಿಕೆಯಿಲ್ಲ ಎನ್ನುವಂತೆಯೂ ಇಲ್ಲ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣದ ವೇಷದ ಕಲಾವಿದರು ಕನ್ನಡಿಯೊಂದನ್ನು ಬಿಟ್ಟರೆ ಬೇರೆ ಯಾವ ನಕ್ಷೆಯನ್ನೂ ಎದುರಿಗಿಟ್ಟುಕೊಳ್ಳದೆ, ಅಕ್ಕಿಹಿಟ್ಟಿನ ಚುಟ್ಟಿಯ ಒಂದೊಂದೇ ಮುಳ್ಳನ್ನು ಇಡುತ್ತ, ಗಂಟೆಗಟ್ಟಲೆ ಕುಳಿತು ತಮ್ಮ ಮುಖದ ಮೇಲೆಯೇ ರಾಕ್ಷಸನನ್ನು ಬರೆದುಕೊಳ್ಳುತ್ತಾರೆ. ಹಿರಿಯ ಭಾಗವತರು ಪ್ರಸಂಗದ ಪದ್ಯಗಳನ್ನು ಪುಸ್ತಕ ತೆರೆಯದೆ ಬೆಳಗಿನವರೆಗೆ ಹಾಡುತ್ತಾರೆ. ಅವರನ್ನು ಯಾರೂ ಟೇಪ್ ರೆಕಾರ್ಡರ್ ಎನ್ನುವುದಿಲ್ಲ; ಎಂದರೆ ಮೇಳದವರು ಸುಮ್ಮನೆ ಬಿಡಲಿಕ್ಕಿಲ್ಲ. ಅದು ಸಾಧನೆ ಎನ್ನುತ್ತೇವೆ, ಯಾರ ಹತ್ತಿರ ಕಲಿತರು ಎಂದು ವಿಚಾರಿಸುತ್ತೇವೆ. ಮಾತಾಡದ ಹುಡುಗ ಅಷ್ಟೇ ಹೊತ್ತು, ಅಷ್ಟೇ ಶ್ರದ್ಧೆಯಿಂದ ಕುಳಿತು ಬರೆದದ್ದನ್ನು ಕಂಡಾಗ ಮಾತ್ರ ಸಾಧನೆ ಎಂಬ ಪದ ನಮ್ಮ ಬಾಯಿಗೆ ಬರುವುದಿಲ್ಲ. ದೇವರ ಲೀಲೆ ಎಂದುಬಿಡುತ್ತೇವೆ, ಗೋಣಿಯಲ್ಲಿರುವ ಕಾಗದಗಳೆಲ್ಲ ದೇವರೇ ಬರೆದು ತುಂಬಿಸಿದ ಹಾಗೆ.

ಈಚೆಗೆ ಉಡುಪಿಯಲ್ಲಿ ಕೆಲವು ಕಲಾವಿದರು ಸೇರಿ ಏರ್ಪಡಿಸುತ್ತಿರುವ ಸಾಮೂಹಿಕ ಪ್ರದರ್ಶನಕ್ಕೆ ಅವನ ಚಿತ್ರಗಳನ್ನೂ ಕೇಳಿದ್ದಾರೆ. ಸಂಘಟಕರು ಒಳ್ಳೆಯವರು, ನನಗೆ ಹಳೆಯ ಪರಿಚಯ. "ಉದ್ಘಾಟನೆಯ ದಿನ ವೇದಿಕೆಯಲ್ಲಿ ಒಂದು ಫೋಟೋ ಒಂದು ನಿಮಿಷ ತೋರಿಸಿ ಬರೆಸುವ ಮಾಸ್ಟ್ರೆ, ಜನ ಸೇರ್ತಾರೆ, ಪೇಪರಿನವರೂ ಬರ್ತಾರೆ," ಎಂದರು. ಚಪ್ಪಾಳೆಯ ಸದ್ದಿಗೆ ಅವನು ಕಿವಿ ಮುಚ್ಚಿಕೊಂಡು ಓಡುತ್ತಾನೆ ಎಂಬುದು ಬೇಡವೆನ್ನಲು ಸಾಕಾದ ಕಾರಣವಾಗಿತ್ತು. ಅದು ಇಲ್ಲದಿದ್ದರೂ ನಾನು ಒಪ್ಪುತ್ತಿರಲಿಲ್ಲ. ಉಳಿದ ಕಲಾವಿದರಲ್ಲಿ ಯಾರಿಗೂ ವೇದಿಕೆಯಲ್ಲಿ ಪರೀಕ್ಷೆ ಇಟ್ಟಿಲ್ಲವಲ್ಲ. ಸ್ವಲ್ಪ ಚರ್ಚೆಯಾಗಿ, ಅವನ ಚಿತ್ರಗಳು ಉಳಿದವರ ಚಿತ್ರಗಳಂತೆ ಗೋಡೆಯ ಮೇಲಿದ್ದರೆ ಸಾಕು ಎಂದು ನಿಶ್ಚಯವಾಯಿತು. ಚಿತ್ರದ ಕೆಳಗಿನ ಚೀಟಿಯಲ್ಲಿ ಆಟಿಸಂ ಎಂದು ಬರೆಯಬೇಕೇ ಬೇಡವೇ ಎಂಬುದಕ್ಕೆ ಮಾತ್ರ ಇನ್ನೂ ಒಮ್ಮತವಾಗಿಲ್ಲ. ಬರೆಯುವ, ಮುಚ್ಚಿಡುವಂಥದ್ದು ಎಂತ ಉಂಟು ಎನ್ನುತ್ತಾರೆ ಅವನ ತಂದೆ. ಹೆಸರು ಮತ್ತು ಊರು ಸಾಕು ಎನ್ನುತ್ತಾರೆ ತಾಯಿ. ನನ್ನ ಮತ ತಾಯಿಯ ಕಡೆಗೆ ವಾಲುತ್ತದಾದರೂ ತಂದೆಯ ಮಾತನ್ನು ತಳ್ಳಿಹಾಕಲು ನನ್ನಿಂದಾಗಿಲ್ಲ. ಬೆಲೆಯ ವಿಷಯ ಬೇಗ ಮುಗಿಯಿತು. ಅದೇ ಅಳತೆಯ ಪೆನ್ನಿನ ಚಿತ್ರಕ್ಕೆ ಬೇರೆಯವರು ಇಟ್ಟಷ್ಟೇ ಇವನಿಗೂ ಇಟ್ಟಿದ್ದೇವೆ, ಸ್ಟೇಟ್ ಬ್ಯಾಂಕ್ ನಿಲ್ದಾಣದ ಚಿತ್ರವೊಂದನ್ನು ಬಿಟ್ಟು. ಅದನ್ನು ಫ್ರೇಮಿನ ಅಂಗಡಿಗೆ ಕೊಡಲಿಕ್ಕೂ ಅವನು ಬಿಡುತ್ತಿಲ್ಲ.